ಮನೆಗಳ ನಡುಬೆಲೆಯನ್ನು ಅರಿಯುವ ಬಗೆ

ನಮ್ಮ ಶಾಲೆಯಲ್ಲಿ ಗಣಿತವನ್ನು ಕಲಿತು ಹೋದವರಲ್ಲಿ ಅನೇಕರು ಸರಾಸರಿ, ಮಧ್ಯಾಂಕ, ಬಹುಲಕ ಎಂಬ ಮೂರು ಶಬ್ದಗಳನ್ನು ಪರೀಕ್ಷೆಯ ಮರುದಿನವೇ ಮರೆತಿರಬಹುದು. ಅದಕ್ಕಾಗಿ ನಾವು ಯಾರನ್ನೂ ದೂರುವದಿಲ್ಲ. ಆದರೆ ಮನೆಯನ್ನು ಕೊಳ್ಳುವ, ಮಾರುವ, ಇಲ್ಲವೆ ತವರಿನ ಆಸ್ತಿಯಲ್ಲಿ ಪಾಲು ಪಡೆಯುವ ಕಾಲವು ಬಂದಾಗ ಆ ಮೂರರಲ್ಲಿ ಎರಡನೆಯದು ಮತ್ತೆ ಎದುರಿಗೆ ಬಂದು ನಿಲ್ಲುವದು. ‘ಈ ಊರಿನಲ್ಲಿ ಮನೆಯ ಬೆಲೆ ಇಷ್ಟು’ ಎಂದು ದಲ್ಲಾಳಿಯು ಹೇಳುತ್ತಾನೆ. ಪತ್ರಿಕೆಯೂ ಅದನ್ನೇ ಅಚ್ಚುಹಾಕುತ್ತದೆ. ನೆಂಟರು ಅದನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ. ಆ ಒಂದು ಅಂಕೆಯು ಏನನ್ನು ತಿಳಿಸಬಲ್ಲದು, ಏನನ್ನು ತಿಳಿಸಲಾರದು ಎಂಬದನ್ನು ವಿಚಾರಿಸಿ ನೋಡುವದು ನಮ್ಮ ಹಳೇ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಪ್ರಯೋಜನಕರವೆಂದು ಎಣಿಸಿ ಇದನ್ನು ಬರೆಯುತ್ತೇವೆ.

ಮೊದಲು ಶಬ್ದದ ಅರ್ಥ. ಒಂದು ವಾರ್ಡಿನಲ್ಲಿ ಒಂದು ವರುಷದೊಳಗೆ ಒಂಬತ್ತು ಮನೆಗಳು ಮಾರಾಟವಾದವೆಂದು ಭಾವಿಸೋಣ. ಅವುಗಳ ಬೆಲೆಯನ್ನು ಕಿರಿದರಿಂದ ಹಿರಿದಕ್ಕೆ ಸಾಲಾಗಿ ಬರೆದರೆ 28, 32, 35, 38, 42, 45, 48, 55, 307 ಲಕ್ಷ ರೂಪಾಯಿ ಎಂದಾಯಿತೆನ್ನಿ. ಕಡೆಯದು ಸಮುದ್ರಕ್ಕೆ ಮುಖಮಾಡಿರುವ ದೊಡ್ಡ ಬಂಗಲೆ. ಎಲ್ಲವನ್ನೂ ಕೂಡಿಸಿದರೆ 630 ಲಕ್ಷ; ಒಂಬತ್ತರಿಂದ ಭಾಗಿಸಿದರೆ ಸರಾಸರಿಯು 70 ಲಕ್ಷ. ಆದರೆ 70 ಲಕ್ಷಕ್ಕೆ ಮಾರಿದ ಮನೆ ಆ ಸಾಲಿನಲ್ಲಿ ಒಂದೂ ಇಲ್ಲ. ಎಂಟು ಮನೆಗಳು ಅದಕ್ಕಿಂತ ಬಹಳ ಕೆಳಗಿವೆ. ಒಬ್ಬ ಸಿರಿವಂತನ ಬಂಗಲೆಯು ಎಂಟು ಸಂಸಾರಗಳ ಮನೆಗಳನ್ನು ಕಾಗದದ ಮೇಲೆ ಮೇಲಕ್ಕೆತ್ತಿಬಿಟ್ಟಿತು. ಸಾಲಿನ ಸರಿಯಾದ ನಡುವೆ, ಅಂದರೆ ಐದನೆಯ ಸ್ಥಾನದಲ್ಲಿ, ಇರುವದು 42 ಲಕ್ಷ. ಇದೇ ಮಧ್ಯಾಂಕ, ನಾವು ಇದನ್ನು ನಡುಬೆಲೆ ಎಂದು ಕರೆಯುವೆವು. ಬಂಗಲೆಯು 307ರ ಬದಲು 600 ಲಕ್ಷಕ್ಕೆ ಹೋಗಿದ್ದರೂ ನಡುಬೆಲೆಯು ಕದಲುತ್ತಿರಲಿಲ್ಲ. ಮನೆಗಳ ಸಂಖ್ಯೆಯು ಸಮವಾಗಿದ್ದರೆ ನಡುವಿನ ಎರಡನ್ನು ಕೂಡಿಸಿ ಅರ್ಧಮಾಡಿದರೆ ಸಾಕು.

ನಡುವಿನ ಅಂಕೆಗೆ ಈ ಗೌರವವು ಮನೆಗಳ ವಿಷಯದಲ್ಲಿಯೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಪ್ಲಿಮತ್ ಪಟ್ಟಣದಲ್ಲಿ 1906ರಲ್ಲಿ ನಡೆದ ಒಂದು ದನಗಳ ಪ್ರದರ್ಶನದಲ್ಲಿ, ಕೊಬ್ಬಿದ ಎತ್ತೊಂದನ್ನು ಕಡಿದು ಹಸನುಮಾಡಿದ ಮೇಲೆ ಅದರ ತೂಕ ಎಷ್ಟಾಗುವದೆಂದು ಊಹಿಸುವ ಪಂದ್ಯವಿತ್ತು. ಜನರು ಬರೆದುಕೊಟ್ಟ 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ಪಂಡಿತನು ಸಾಲಾಗಿಟ್ಟು ನಡುವಿನದನ್ನು ತೆಗೆದು ನೋಡಿದನು: 1207 ಪೌಂಡು. ನಿಜವಾದ ತೂಕವು 1198 ಪೌಂಡು. ಅವನು 1907ರಲ್ಲಿ ಇನ್ನೊಂದು ಮಾತನ್ನೂ ಬರೆದನು. ನ್ಯಾಯಸ್ಥಾನದ ಪಂಚರು ಪರಿಹಾರದ ಹಣವನ್ನು ಗೊತ್ತುಮಾಡುವಾಗ ಸರಾಸರಿಯನ್ನು ಹಿಡಿದರೆ, ಅತಿರೇಕದ ಮೊತ್ತವನ್ನು ಹೇಳಿದ ಒಬ್ಬನೇ ಮನುಷ್ಯನು ತೀರ್ಪನ್ನು ತನ್ನ ಕಡೆಗೆ ಎಳೆದುಕೊಳ್ಳಬಲ್ಲನು. ಆದುದರಿಂದ ನಡುವಿನ ಮೊತ್ತವೇ ಮೇಲು ಎಂಬದು ಅವನ ವಾದ. ಅಮೇರಿಕದಲ್ಲಿ ತಿಂಗಳು ತಿಂಗಳು ಪ್ರಕಟವಾಗುವ ಮನೆಬೆಲೆಯ ವರದಿಗಳು ನಡುಬೆಲೆಯನ್ನೇ ಮುಂದಿಡುವದಕ್ಕೆ ಕಾರಣವೂ ಇದೇ.

ಇಷ್ಟರವರೆಗೆ ನಡುಬೆಲೆಯ ಗುಣವನ್ನು ಹೇಳಿದೆವು. ಇನ್ನು ಅದರ ಮಿತಿ. ಹೆಚ್ಚು ಗಮನವು ಬೇಕಾದದ್ದು ಇಲ್ಲಿಯೇ.

ನಡುಬೆಲೆ ಎಂಬದು ಊರಿನಲ್ಲಿರುವ ಮನೆಗಳ ಬೆಲೆಯಲ್ಲ, ಆ ವರುಷ ಮಾರಾಟವಾದ ಮನೆಗಳ ಬೆಲೆ. ಮೇಲಿನ ವಾರ್ಡಿನಲ್ಲಿ ಮರುವರುಷ ಪ್ರತಿಯೊಂದು ಮನೆಯ ಬೆಲೆಯೂ ಹತ್ತರಲ್ಲೊಂದು ಪಾಲು ಏರಿತೆನ್ನಿ. ಹಿಂದೆ 35, 42, 45, 48, 55 ಲಕ್ಷಕ್ಕೆ ಹೋಗಿದ್ದ ತರದ ಐದು ಮನೆಗಳು ಈಗ 38.5, 46.2, 49.5, 52.8, 60.5 ಲಕ್ಷಕ್ಕೆ ಹೋದವು. ಅದೇ ವರುಷ ಅಲ್ಲೊಂದು ಹೊಸ ಕಟ್ಟಡವೆದ್ದು, ಅದರೊಳಗಿನ ಆರು ಸಣ್ಣ ಫ್ಲಾಟುಗಳು 27, 27, 28, 28, 29, 30 ಲಕ್ಷಕ್ಕೆ ಮಾರಾಟವಾದವು. ಹನ್ನೊಂದನ್ನೂ ಸಾಲಾಗಿಟ್ಟು ಆರನೆಯದನ್ನು ನೋಡಿರಿ: 30 ಲಕ್ಷ! ಬೆಲೆ ಇಳಿದ ಮನೆ ಒಂದೂ ಇಲ್ಲ. ಆದರೂ ನಡುಬೆಲೆಯು 42ರಿಂದ 30ಕ್ಕೆ ಬಿತ್ತು. ‘ಮನೆಗಳ ಬೆಲೆ ಕುಸಿಯಿತು’ ಎಂದು ಪತ್ರಿಕೆಯವನು ತಲೆಬರಹ ಕೊಟ್ಟರೆ ಅವನ ಅಂಕೆಯು ಸುಳ್ಳಲ್ಲ, ಅರ್ಥವು ಸುಳ್ಳು. ಇದನ್ನು ಕೇಳಿ ಗಾಬರಿಯಿಂದ ಮನೆಯನ್ನು ಅಗ್ಗಕ್ಕೆ ಕೊಟ್ಟವರ ನಷ್ಟವನ್ನು ತುಂಬಿಕೊಡುವವರು ಯಾರು?

ಈ ತೊಡಕನ್ನು ಬಿಡಿಸುವದಕ್ಕಾಗಿ ಅಮೇರಿಕದ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ, ಒಂದೇ ಮನೆಯು ಎರಡು ಸಲ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುವ ಕ್ರಮವನ್ನು ಬೆಳೆಯಿಸಿದರು. ನಮ್ಮ ದೇಶದಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು 2007ರಲ್ಲಿ ‘ರೆಸಿಡೆಕ್ಸ್’ ಎಂಬ ಸೂಚ್ಯಂಕವನ್ನು ಹೊರಡಿಸಿತು. ರಿಸರ್ವ್ ಬ್ಯಾಂಕಿನವರೂ ನೋಂದಣಿಯ ಲೆಕ್ಕಗಳಿಂದ ಬೆಂಗಳೂರನ್ನೊಳಗೊಂಡ ಕೆಲವು ನಗರಗಳಿಗೆ ಇಂಥಾ ಸೂಚ್ಯಂಕವನ್ನು ಪ್ರಕಟಿಸುತ್ತಾರೆ. ಸೂಚ್ಯಂಕವು ಬೆಲೆಯ ಏರಿಳಿತದ ವೇಗವನ್ನು ಹೇಳುವದೇ ಹೊರತು ನಿಮ್ಮ ಬೀದಿಯ ಮನೆಗೆ ಎಷ್ಟು ಕೊಡಬೇಕೆಂಬದನ್ನು ಹೇಳದು.

ನಮ್ಮ ಊರುಗಳಲ್ಲಿ ಇನ್ನೊಂದು ಕಷ್ಟವುಂಟು. ಮಂಗಳೂರನ್ನೇ ತೆಗೆದುಕೊಳ್ಳಿರಿ. ಅಲ್ಲಿ 1865ರಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಕೆಂಪು ಹಂಚಿನ ಮಾಡು ಆ ಊರಿನ ಗುರುತಾಗಿ ನಿಂತಿತು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಸುತ್ತಲೂ ತೆಂಗಿನ ಹಿತ್ತಿಲು ಇರುವ ಹಳೇ ಮನೆಯನ್ನು ಕೊಳ್ಳುವವನು ಹೆಚ್ಚಾಗಿ ಹಣ ಕೊಡುವದು ನೆಲಕ್ಕೆ, ಮನೆಗಲ್ಲ. ಎಷ್ಟೋ ಸಲ ಮನೆಯನ್ನು ಕೆಡವುವ ವೆಚ್ಚವನ್ನು ಸಹ ಅವನು ಬೆಲೆಯಿಂದ ಕಳೆಯುತ್ತಾನೆ. ನಮಗೆ ಇದು ಸಂತೋಷದ ಸಂಗತಿಯಲ್ಲ, ಆದರೂ ಪೇಟೆಯ ರೀತಿಯು ಹಾಗಿದೆ. ಫ್ಲಾಟನ್ನು ಕೊಳ್ಳುವವನಿಗಾದರೋ ದೊರೆಯುವದು ಕೋಣೆಗಳು ಮತ್ತು ನೆಲದಲ್ಲಿ ಒಂದು ಅವಿಭಕ್ತ ಪಾಲು. ಇವೆರಡನ್ನೂ ‘ಮನೆ’ ಎಂಬ ಒಂದೇ ಹೆಸರಿನಿಂದ ಒಂದೇ ಸಾಲಿನಲ್ಲಿ ನಿಲ್ಲಿಸಿ ನಡುವನ್ನು ಹುಡುಕುವದು ಅಕ್ಕಿಯನ್ನೂ ತೆಂಗಿನಕಾಯಿಯನ್ನೂ ಒಂದೇ ಸೇರಿನಿಂದ ಅಳೆದಂತೆ.

ಅಳತೆಯ ವಿಷಯವು ಬಂತು. ಕರಾವಳಿಯಲ್ಲಿ ನೆಲವನ್ನು ಸೆಂಟ್ಸಿನಲ್ಲಿ ಹೇಳುತ್ತಾರೆ. ಒಂದು ಸೆಂಟು ಎಂದರೆ ಎಕ್ರೆಯ ನೂರರಲ್ಲೊಂದು ಪಾಲು, 435.6 ಚದರಡಿ. ಧಾರವಾಡದ ಕಡೆಗೆ ಗುಂಟೆ. ಅದು 1089 ಚದರಡಿ. ಬೆಂಗಳೂರಿನವರ ‘ಮೂವತ್ತು ನಲವತ್ತು’ ನಿವೇಶನವು 1200 ಚದರಡಿ. ಇದು ಬರೇ ಗುಣಾಕಾರ, ಇದರಲ್ಲಿ ಮೋಸವಿಲ್ಲ. ಫ್ಲಾಟಿನ ಚದರಡಿಯಲ್ಲಿ ಮಾತ್ರ ಎಚ್ಚರಿಕೆ ಬೇಕು. ಮೆಟ್ಟಿಲು, ಮೊಗಸಾಲೆ, ಲಿಫ್ಟು ಮುಂತಾದವುಗಳ ಪಾಲನ್ನೂ ಸೇರಿಸಿ ಹೇಳುವ ವಿಸ್ತೀರ್ಣವೊಂದು. ಒಳಗೆ ಕಾಲಿಟ್ಟು ಬಾಳುವ ಕಾರ್ಪೆಟ್ ವಿಸ್ತೀರ್ಣವೊಂದು. 2016ರ ರಿಯಲ್ ಎಸ್ಟೇಟ್ ಕಾಯಿದೆಯು ಎರಡನೆಯದನ್ನು ಸ್ಪಷ್ಟವಾಗಿ ನಿರೂಪಿಸಿದೆ. ಎರಡು ಫ್ಲಾಟುಗಳ ದರವನ್ನು ಹೋಲಿಸುವವರು ಎರಡಕ್ಕೂ ಈ ಅಳತೆಯನ್ನೇ ಕೇಳತಕ್ಕದ್ದು.

ಅಂಕೆಯು ಎಲ್ಲಿಂದ ಬಂತೆಂಬದನ್ನೂ ವಿಚಾರಿಸಬೇಕು. ಜಾಹೀರಾತಿನಲ್ಲಿರುವದು ಮಾರುವವನ ಆಶೆಯ ಬೆಲೆ. ಕ್ರಯಪತ್ರದಲ್ಲಿರುವದು ಬರೆಯಲ್ಪಟ್ಟ ಬೆಲೆ. ಕರ್ನಾಟಕದಲ್ಲಿ ಸರಕಾರವು ಆಯಾ ಸ್ಥಳಕ್ಕೆ ಮಾರ್ಗಸೂಚಿ ದರವನ್ನು ಗೊತ್ತುಮಾಡುತ್ತದೆ. 45 ಲಕ್ಷಕ್ಕೆ ಮೇಲ್ಪಟ್ಟ ಕ್ರಯಕ್ಕೆ ಮುದ್ರಾಂಕ ಶುಲ್ಕವು ನೂರಕ್ಕೆ 5. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರ ಬದಲು 2 ಆಯಿತು. ಈ ಭಾರವನ್ನು ತಪ್ಪಿಸಿಕೊಳ್ಳುವದಕ್ಕೆ ಕೆಲವರು ನಿಜವಾದ ಕ್ರಯವನ್ನು ಮರೆಮಾಡಿ ಮಾರ್ಗಸೂಚಿ ದರವನ್ನೇ ಪತ್ರದಲ್ಲಿ ಬರೆಯಿಸುತ್ತಾರೆ. ಇದು ಕಾನೂನಿಗೆ ವಿರೋಧವಾದದ್ದು. ಮತ್ತು ಪತ್ರಗಳನ್ನು ನಂಬಿ ತೆಗೆದ ನಡುಬೆಲೆಯನ್ನು ಇದು ಕೆಳಕ್ಕೆ ಎಳೆಯುವದು.

ಈಗ ನಮ್ಮ ಮನಸ್ಸಿನಲ್ಲಿ ಮುಖ್ಯವಾಗಿದ್ದ ಸಂಗತಿಗೆ ಬರುತ್ತೇವೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟ ಕುಟುಂಬಗಳಲ್ಲಿ ತಂದೆಯು ಮರಣಶಾಸನವಿಲ್ಲದೆ ತೀರಿಕೊಂಡರೆ ಮಗಳಿಗೆ ಮಗನಷ್ಟೇ ಪಾಲುಂಟು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಕರ್ನಾಟಕದ 1994ರ ತಿದ್ದುಪಡಿಯೂ ದೇಶಕ್ಕೆಲ್ಲಾ ಅನ್ವಯಿಸುವ 2005ರ ತಿದ್ದುಪಡಿಯೂ ಹೆಣ್ಣುಮಕ್ಕಳಿಗೆ ಹಕ್ಕನ್ನು ಕೊಟ್ಟಿವೆ. ಹಕ್ಕು ದೊರೆತರೂ ಅದರ ಮೌಲ್ಯವನ್ನು ಎಣಿಸುವವರು ಹೆಚ್ಚಾಗಿ ಬೇರೆಯವರು. ಅಣ್ಣ, ತಮ್ಮ, ತಂಗಿ ಮೂವರಿಗೆ 15 ಸೆಂಟ್ಸ್ ಹಿತ್ತಿಲೂ ಹಂಚಿನ ಮನೆಯೂ ಬಂತೆನ್ನಿ. ‘ವಾರ್ಡಿನಲ್ಲಿ ಮನೆಯ ಬೆಲೆ 42 ಲಕ್ಷ, ನಿನ್ನ ಪಾಲು 14 ಲಕ್ಷ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಮ್ಮಾ’ ಎಂದು ಅಣ್ಣನು ಹೇಳಬಹುದು. ಅವನು ಕಪಟಿಯೇ ಆಗಬೇಕೆಂದಿಲ್ಲ. ಪತ್ರಿಕೆಯ ಅಂಕೆಯನ್ನು ಅವನೂ ನಂಬಿರಬಹುದು. ಆದರೆ ಅದೇ ದಾರಿಯಲ್ಲಿ ಅದೇ ತರದ ನೆಲವು ಸೆಂಟಿಗೆ 8 ಲಕ್ಷದಂತೆ ಹೋಗಿದ್ದರೆ ಆಸ್ತಿಯ ಬೆಲೆ 120 ಲಕ್ಷ, ತಂಗಿಯ ಪಾಲು 40 ಲಕ್ಷ. ತಿಳಿದು ಬಿಟ್ಟುಕೊಡುವದು ಬೇರೆ, ತಿಳಿಯದೆ ಕಳೆದುಕೊಳ್ಳುವದು ಬೇರೆ. ಒಡಹುಟ್ಟಿದವರ ಪ್ರೀತಿಗಾಗಿ ಅವಳು ಪಾಲನ್ನು ಬಿಡುವದಾದರೆ ಎಷ್ಟನ್ನು ಬಿಟ್ಟಳೆಂಬದು ಅವಳಿಗೂ ಅವರಿಗೂ ಗೊತ್ತಿರಲಿ.

ಸಹಿ ಮಾಡುವದಕ್ಕೆ ಮುಂಚೆ ನಮ್ಮ ಸಹೋದರಿಯರು ಮಾಡಬಹುದಾದ ಕೆಲಸವು ಕಠಿಣವಲ್ಲ. ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ ಒಂದನೆಯ ಪುಸ್ತಕವನ್ನು ಶುಲ್ಕ ಕೊಟ್ಟ ಯಾರು ಬೇಕಾದರೂ ನೋಡಬಹುದೆಂದು 1908ರ ನೋಂದಣಿ ಕಾಯಿದೆಯ 57ನೆಯ ಕಲಮು ಹೇಳುತ್ತದೆ. ಪತ್ರಗಳ ನಕಲೂ ದೊರೆಯುವದು. ಸಮೀಪದ, ಒಂದೇ ತರದ, ಕಳೆದ ಒಂದೆರಡು ವರುಷಗಳ ಮಾರಾಟಗಳನ್ನಷ್ಟೇ ಆರಿಸಿ, ಮನೆಯ ಒಟ್ಟು ಬೆಲೆಯ ಬದಲು ಸೆಂಟಿನ ದರವನ್ನು ಸಾಲಾಗಿ ಬರೆದು ನಡುವಿನದನ್ನು ತೆಗೆಯಿರಿ. ಮೂರು ನಾಲ್ಕು ಮಾರಾಟಗಳಿಂದ ತೆಗೆದ ನಡುಬೆಲೆಯು ಒಂದೇ ಹೊಸ ಪತ್ರದಿಂದ ಅಲುಗಾಡೀತು. ಹತ್ತು ಹನ್ನೆರಡು ದೊರೆತರೆ ಒಳ್ಳೆಯದು. ಆಮೇಲೆ ಹೋಗಿ ದಾರಿಯನ್ನು ನೋಡಿರಿ: ಲಾರಿ ಹೋಗುವಷ್ಟು ಅಗಲವಿರುವ ಹಿತ್ತಿಲಿಗೂ, ನಡೆದೇ ಹೋಗಬೇಕಾದ ಓಣಿಯ ಕಡೆಯ ಹಿತ್ತಿಲಿಗೂ ದರವು ಒಂದೇ ಆಗದು. ಬಾವಿಯ ನೀರು ಬೇಸಿಗೆಯಲ್ಲಿ ಬತ್ತುವದೋ, ಮಳೆಗಾಲದಲ್ಲಿ ಅಂಗಳದಲ್ಲಿ ನೀರು ನಿಲ್ಲುವದೋ ಎಂಬದನ್ನು ಯಾವ ಕ್ರಯಪತ್ರದಲ್ಲಿಯೂ ಬರೆದಿರುವದಿಲ್ಲ. ಅದನ್ನು ನೆರೆಮನೆಯ ಅಜ್ಜಿಯನ್ನು ಕೇಳಬೇಕು.