ಕೋಟಿನ ಗುಂಡಿ ಹಿಡಿದು ಹಿಂದಕ್ಕೆ

ಮಗ ಆಕ್ಲೆಂಡಿನ ಹುಡುಗಿಯನ್ನು ಮದುವೆಯಾದ. ಅಲ್ಲಿಗೆ ಹೋಗಿದ್ದಾಗ ನಮ್ಮ ಬೀಗಿತ್ತಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಕಪ್ಪಿಟ್ಟ ತವರದ ಗುಂಡಿ, ಅದರ ಮೇಲೆ 39. "ನಮ್ಮ ಹಿರಿಯರು 1847ರ ಹಡಗಿನಲ್ಲಿ ಇಲ್ಲಿಗೆ ಬಂದವರು. ಅದಕ್ಕೂ ಮೊದಲು ಕೂರ್ಗ್ ಅಂತ ಎಲ್ಲೋ ಯುದ್ಧ ಮಾಡಿದ್ದರಂತೆ. ನಿಮಗೇನಾದರೂ ಗೊತ್ತಾ?" ಎಂದರು. ಕೂರ್ಗ್ ಅಂದರೆ ನಮ್ಮ ಕೊಡಗು. ಮಡಿಕೇರಿಯಲ್ಲಿ ಓದಿದವನನ್ನು ಕೇಳುವ ಪ್ರಶ್ನೆಯೇ ಇದು!

ಇಂಥ ಡಬ್ಬಿ ನಿಮ್ಮ ಕೈಗೂ ಬಂದಿದ್ದರೆ ಭಯಪಡಬೇಡಿ. ಇತಿಹಾಸ ಓದಿರಬೇಕಿಲ್ಲ. ಒಂದು ನೋಟ್‌ಬುಕ್, ಇಂಟರ್ನೆಟ್, ಮತ್ತೆ ಒಂದಿಷ್ಟು ತಾಳ್ಮೆ ಸಾಕು.

ಹಂತ 1: ಮನೆಯಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಹರಡಿ.
ಪದಕ, ಬೈಬಲ್, ಸಮಾಧಿಯ ಫೋಟೊ, ಅಜ್ಜಿ ಹೇಳುತ್ತಿದ್ದ ಕತೆ ಯಾವುದನ್ನೂ ಬಿಡಬೇಡಿ. ಗುಂಡಿ ಇದ್ದರೆ ಒರೆಸಿ ನೋಡಿ. ಆಗಿನ ಬ್ರಿಟಿಷ್ ಕಾಲಾಳು ಪಡೆಯ ಗುಂಡಿಗಳ ಮೇಲೆ ರೆಜಿಮೆಂಟ್ ಸಂಖ್ಯೆ ಇರುತ್ತಿತ್ತು. 1855ರವರೆಗೆ ಸಾಮಾನ್ಯ ಸೈನಿಕನಿಗೆ ತವರದ್ದು, ಅಧಿಕಾರಿಗೆ ಹೊಳೆಯುವಂಥದ್ದು. ನಮ್ಮ ಬೀಗರ ಹಿರಿಯರು ಕ್ಯಾಪ್ಟನ್ ಆಗಿದ್ದರು ಎಂಬ ಮನೆಮಾತು ಅಲ್ಲಿಗೇ ಮುಗಿಯಿತು. ಬೀಗಿತ್ತಿ ನಕ್ಕರು, ಪುಣ್ಯ.

ಹಂತ 2: ಹೋಗಿ ನೆಲೆಸಿದ ಊರಿನಿಂದ ಶುರುಮಾಡಿ.
ಹೊಸಬರು ಜಾರುವುದು ಇಲ್ಲೇ. ನೇರ ಇಂಗ್ಲೆಂಡಿಗೆ ಹಾರಿ, ಒಂದೇ ಹೆಸರಿನ ನೂರು ಜನರ ನಡುವೆ ಸಿಕ್ಕಿಕೊಳ್ಳುತ್ತಾರೆ. ಮೊದಲು ಸಾವಿನ ದಾಖಲೆ, ಆಮೇಲೆ ಹಡಗಿನ ಹೆಸರು ಹುಡುಕಿ. ನ್ಯೂಜಿಲೆಂಡಿನ ಹಳೆಯ ಪತ್ರಿಕೆಗಳು ಪೇಪರ್ಸ್ ಪಾಸ್ಟ್‌ನಲ್ಲಿ, ಆಸ್ಟ್ರೇಲಿಯಾದವು ಟ್ರೋವ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1847ರಿಂದ 1852ರೊಳಗೆ ಹಳೆಯ ಸೈನಿಕನೊಬ್ಬ ಆಕ್ಲೆಂಡಿಗೆ ಬಂದಿದ್ದರೆ 'ಫೆನ್ಸಿಬಲ್ಸ್' ಪಟ್ಟಿ ನೋಡಲೇಬೇಕು. ಪಿಂಚಣಿ ಪಡೆದ ಸೈನಿಕರಿಗೆ ಮನೆ, ಒಂದು ಎಕರೆ ನೆಲ ಕೊಡುತ್ತೇವೆಂದು ಏಳು ವರ್ಷದ ಕರಾರಿನ ಮೇಲೆ ಕರೆತಂದ ಪಡೆ ಅದು. ಒನೆಹಂಗಾ, ಹೋವಿಕ್, ಪ್ಯಾನ್‌ಮ್ಯೂರ್, ಒಟಾಹುಹು ಊರುಗಳು ಇವರಿಂದಲೇ ಬೆಳೆದವು.

ಹಂತ 3: ರೆಜಿಮೆಂಟ್ ಯಾವುದು ಎಂದು ಖಚಿತಪಡಿಸಿಕೊಳ್ಳಿ.
ಹಳೆಯ ಸೇನಾ ಕಡತಗಳನ್ನು ಬಹುಪಾಲು ರೆಜಿಮೆಂಟ್ ಪ್ರಕಾರ ಜೋಡಿಸಿದ್ದಾರೆ. ಅದು ತಿಳಿಯದಿದ್ದರೆ ಬೀದಿಯ ಹೆಸರಿಲ್ಲದೆ ಮನೆ ಹುಡುಕಿದ ಹಾಗೆ. 39ನೇ ರೆಜಿಮೆಂಟ್ 1820ರ ದಶಕದಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿತ್ತು, ಅಲ್ಲಿಂದ ಮದ್ರಾಸ್ ಪ್ರಾಂತ್ಯಕ್ಕೆ ಬಂತು. 1834ರಲ್ಲಿ ರಾಜ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಲು ಕೊಡಗಿನ ಮೇಲೆ ಹೋದ ಪಡೆಗಳಲ್ಲಿ ಇದೂ ಇತ್ತು. ಬೀಗಿತ್ತಿ ಹೇಳಿದ ಕತೆಗೂ ಗುಂಡಿಗೂ ತಾಳೆಯಾಯಿತು. ಎಚ್ಚರಿಕೆ: 1881ರಲ್ಲಿ ಸಂಖ್ಯೆಗಳು ಹೋಗಿ ಹೆಸರುಗಳು ಬಂದವು. 39ನೆಯದನ್ನು ಡಾರ್ಸೆಟ್‌ಶೈರ್ ರೆಜಿಮೆಂಟಿಗೆ ಸೇರಿಸಿದರು.

ಹಂತ 4: ಸೇನೆಯಿಂದ ಬಿಡುಗಡೆಯಾದ ಪತ್ರ ಹುಡುಕಿ.
ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ 'ಡಿಸ್ಕವರಿ' ಕ್ಯಾಟಲಾಗ್ ತೆರೆಯಿರಿ. ಹೆಸರಿನ ಜೊತೆ 'ಡಬ್ಲ್ಯುಓ 97' (WO 97) ಎಂದು ಟೈಪ್ ಮಾಡಿ, ಬಿಡುಗಡೆ ಪತ್ರಗಳ ಕಡತಗಳ ಗುರುತು ಅದು. 1854ರವರೆಗಿನ ಪಿಂಚಣಿದಾರರ ಹೆಸರು, ಹುಟ್ಟೂರು, ರೆಜಿಮೆಂಟ್ ಎಲ್ಲ ಪಟ್ಟಿಯಲ್ಲೇ ಕಾಣಿಸುತ್ತವೆ. ಹುಡುಕಲು ಕಾಸಿಲ್ಲ. ಪುಟಗಳ ಚಿತ್ರ ಬೇಕೆಂದರೆ ಫೈಂಡ್‌ಮೈಪಾಸ್ಟ್‌ಗೆ ಹಣ ಕಟ್ಟಬೇಕು. ಕಟ್ಟುವ ಮೊದಲು ಹತ್ತಿರದ ದೊಡ್ಡ ಲೈಬ್ರರಿಯಲ್ಲಿ ಒಮ್ಮೆ ವಿಚಾರಿಸಿ.

ಹೆಸರು ಸಿಗಲಿಲ್ಲವೇ? ಗಾಬರಿ ಬೇಡ. ಎಷ್ಟೋ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಗುಮಾಸ್ತನ ಕಿವಿಗೆ ಕೇಳಿದ್ದೇ ಸ್ಪೆಲಿಂಗ್. ಅಕ್ಷರ ಬದಲಿಸಿ ಬದಲಿಸಿ ನೋಡಿ.

ಹಂತ 5: ಬಿಡುಗಡೆ ಪತ್ರದಲ್ಲಿರುವ ಸೇವೆಯ ಕೋಷ್ಟಕವನ್ನು ಮೊದಲ ಸಾಲಿನಿಂದ ಓದಿ.
ಇಷ್ಟೆಲ್ಲ ತಿಣುಕಾಡಿದ್ದು ಇದಕ್ಕಾಗಿ. ಯಾವ ರೆಜಿಮೆಂಟ್, ಯಾವ ದರ್ಜೆ, ಯಾವಾಗಿನಿಂದ ಯಾವಾಗಿನವರೆಗೆ ಎಂದು ಸಾಲುಸಾಲಾಗಿ ಬರೆದಿರುತ್ತಾರೆ. ನಮ್ಮವರ ಮೊದಲ ಸಾಲಿನಲ್ಲಿ 39 ಇರಲೇ ಇಲ್ಲ! ಬೇರೊಂದು ರೆಜಿಮೆಂಟ್ ಇತ್ತು. ಆಗ ಒಂದು ರೆಜಿಮೆಂಟ್ ಇಂಡಿಯಾ ಬಿಟ್ಟು ಊರಿಗೆ ಹೊರಟರೆ, ಇಲ್ಲೇ ಉಳಿಯುತ್ತೇನೆ ಎಂದವನಿಗೆ ಒಂದಿಷ್ಟು ಇನಾಮು ಕೊಟ್ಟು, ಉಳಿಯುವ ರೆಜಿಮೆಂಟಿಗೆ ಸೇರಿಸಿಕೊಳ್ಳುತ್ತಿದ್ದರು. ಡಬ್ಬಿಯಲ್ಲಿ ಉಳಿಯುವುದು ಕೊನೆಯ ಕೋಟಿನ ಗುಂಡಿ. ಮೊದಲ ಕೋಟಿನದು ಯಾರ ಹತ್ತಿರ ಇರುತ್ತದೆ? ನಾನು ಗುಂಡಿ ನಂಬಿಕೊಂಡು ನ್ಯೂ ಸೌತ್ ವೇಲ್ಸ್‌ನಲ್ಲಿ ಒಂದು ವಾರ ಅಲೆದಿದ್ದೆ, ಕಂಪ್ಯೂಟರಿನಲ್ಲೇ ಅನ್ನಿ.

ಸೇವೆಯ ವರ್ಷಗಳ ಲೆಕ್ಕ ಕೂಡದಿದ್ದರೂ ತಲೆಕೆಡಿಸಿಕೊಳ್ಳಬೇಡಿ. 18 ತುಂಬುವ ಮುಂಚಿನ ಸೇವೆ ಪಿಂಚಣಿಗೆ ಲೆಕ್ಕವಿಲ್ಲ, ಅದನ್ನು ಕಳೆದಿರುತ್ತಾರೆ. ವಾಟರ್‌ಲೂ ಯುದ್ಧದಲ್ಲಿ ಇದ್ದವನಿಗೆ ಎರಡು ವರ್ಷ ಸೇರಿಸಿರುತ್ತಾರೆ.

ಹಂತ 6: ಹಾಜರಿ ಪುಸ್ತಕ ತೆಗೆಯಿರಿ.
ಮೊದಲ ರೆಜಿಮೆಂಟಿನ ಹೆಸರು, ಸೇರಿದ ತಾರೀಕು ಕೈಯಲ್ಲಿದೆಯಲ್ಲ, ಈಗ ಅದೇ ನ್ಯಾಷನಲ್ ಆರ್ಕೈವ್ಸ್‌ನ 'ಡಬ್ಲ್ಯುಓ 12' (WO 12) ನೋಡಿ. 1878ರವರೆಗಿನ ಹಾಜರಿ ಮತ್ತು ಸಂಬಳದ ಪಟ್ಟಿಗಳಿವು. ಸೇರಿದ ತಿಂಗಳು ಹಿಡಿದು, ಮೂರು ಮೂರು ತಿಂಗಳಂತೆ ಮುಂದೆ ಬನ್ನಿ. ಎಲ್ಲಿದ್ದ, ಯಾವಾಗ ಆಸ್ಪತ್ರೆಯಲ್ಲಿ ಮಲಗಿದ, ಯಾವಾಗ ಹಡಗು ಹತ್ತಿದ, ಎಲ್ಲ ಸಿಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿದ್ದ ಪಡೆಗಳ ಎಷ್ಟೋ ಪಟ್ಟಿಗಳ ಮೈಕ್ರೊಫಿಲ್ಮ್ ಪ್ರತಿಗಳು ಟ್ರೋವ್‌ನಲ್ಲಿ ಪುಕ್ಕಟೆ ಇವೆ.

ಹಂತ 7: ಬಿಡುಗಡೆ ಪತ್ರವೇ ಸಿಗದಿದ್ದರೆ ಬೇರೆ ಬಾಗಿಲು ತಟ್ಟಿ.
ಪಿಂಚಣಿ ಇಲ್ಲದೆ ಸೇನೆ ಬಿಟ್ಟವರು, ಓಡಿಹೋದವರು, ಸೇವೆಯಲ್ಲೇ ಸತ್ತವರು 1883ಕ್ಕಿಂತ ಹಿಂದಿನ 'ಡಬ್ಲ್ಯುಓ 97'ರಲ್ಲಿ ಇರುವುದಿಲ್ಲ. ಅಂಥವರಿಗೆ ಹಾಜರಿ ಪುಸ್ತಕದ ಪ್ರತಿ ಮೂರು ತಿಂಗಳ ಕೊನೆಯ ಪುಟ ನೋಡಿ. ರೆಜಿಮೆಂಟಿನಿಂದ ಕಳಚಿಕೊಂಡವರ ಹುಟ್ಟೂರು, ಕಸುಬು ಅಲ್ಲಿರುವುದುಂಟು. ಅವರು ರಾಜನ ಸೈನಿಕರಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಎಂದಾದರೆ ಕ್ಯೂ ಬಿಡಿ, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಗೆ ಹೋಗಿ. ಬೆಂಗಳೂರು ದಂಡಿನಲ್ಲಿ ಮದುವೆಯಾಗಿದ್ದರೆ, ಮಗು ಹುಟ್ಟಿದ್ದರೆ, ಆ ಚರ್ಚ್ ದಾಖಲೆಯ ಪ್ರತಿಯೂ ಮದ್ರಾಸಿನ ಹೆಸರಿನಡಿ ಅಲ್ಲೇ ಇದೆ.

ಇನ್ನೊಂದು ಮಾತು. ಯಾವ ಪುಟ ನೋಡಿದರೂ ಅದರ ಪೂರ್ತಿ ಸಂಖ್ಯೆಯನ್ನು ಆಗಲೇ ನೋಟ್‌ಬುಕ್ಕಿಗೆ ಇಳಿಸಿ. ಆಮೇಲೆ ಬರೆದರಾಯಿತು ಎಂದು ಬಿಟ್ಟು, ಸಿಕ್ಕಿದ್ದ ಅಜ್ಜನನ್ನೇ ನಾನು ಇನ್ನೆರಡು ಸಂಜೆ ಹುಡುಕಿದೆ.