ಎರಡು ಡಬ್ಬಿ, ಒಂದು ಚೀಲ: ಬೆಂಗಳೂರಿನ ಬಡಾವಣೆಯೊಂದರಲ್ಲಿ ಕಲಿತ ಪಾಠಗಳು

ಬೆಂಗಳೂರಿಗೆ ಕಸ ಬೇರ್ಪಡಿಸುವ ಬುದ್ಧಿ ಕಲಿಸಿದವರು ನಗರದ ಕಸ ಬಂದು ಬೀಳುತ್ತಿದ್ದ ಮಾವಳ್ಳಿಪುರ ಮತ್ತು ಮಂಡೂರಿನ ಜನ. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡಕ್ಕೆ ಲಾರಿ ಹೋಗುವುದು ನಿಂತಾಗ ನಗರದ ಬೀದಿಗಳಲ್ಲೇ ಕಸ ಕೊಳೆಯಿತು. ಮಂಡೂರಿನವರು ಹೋರಾಡಿ 2014ರ ಕೊನೆಗೆ ತಮ್ಮೂರಿಗೂ ಲಾರಿ ಬರದಂತೆ ಮಾಡಿದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯನ್ನು ನಗರದಲ್ಲಿ ಕಡ್ಡಾಯ ಮಾಡಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಪ್ಯಾಡು-ಡೈಪರಿನಂಥ ತಿರಸ್ಕೃತ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೊಂದು ಚೀಲ. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಕಸವನ್ನು ಮನೆಯಲ್ಲೇ ಮೂರು ಪಾಲು ಮಾಡಬೇಕೆಂದವು.

ನಿಯಮ ಮೂರು ಸಾಲಿನದು; ಪಾಲಿಸಲು ಹೊರಟಾಗ ಏಳುವ ಪ್ರಶ್ನೆಗಳು ಮುನ್ನೂರು. ನಮ್ಮ ಬಡಾವಣೆಯಲ್ಲಿ ಕೆಲವರು ಸೇರಿ ಬೆಳಗಿನ ಹೊತ್ತು ಕಸದ ಆಟೋ ಹಿಂದೆ ನಡೆದು, ಮನೆ ಮನೆಯ ಡಬ್ಬಿ ಇಣುಕಿ, ಬೈಸಿಕೊಂಡು, ಕಾಫಿ ಕುಡಿದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಬಣ್ಣಕ್ಕಿಂತ ದಾರಿ ಮುಖ್ಯ

ವಸ್ತು ಯಾವುದರಿಂದ ಆಗಿದೆ ಎಂದು ನೋಡಿ ಡಬ್ಬಿ ಆರಿಸುವವರೇ ಹೆಚ್ಚು. ಕಾಗದವಾದರೆ ಒಣ ಕಸ, ಕೊಳೆಯುವಂಥದ್ದಾದರೆ ಹಸಿ ಕಸ. ಎಡವುವುದು ಅಲ್ಲೇ. ‘ಇದು ನಮ್ಮನೆಯಿಂದ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿಕೊಂಡರೆ ಉತ್ತರ ಸಲೀಸು. ಹಸಿರು ಡಬ್ಬಿಯದು ಗೊಬ್ಬರ ಆಗಬೇಕು, ಇಲ್ಲವೇ ಅನಿಲ ಆಗಬೇಕು. ಚೀಲದಲ್ಲಿರುವುದು ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದ ಕಟ್ಟೆಯ ಮೇಲೆ ಯಾರದೋ ಕೈಯಲ್ಲಿ ವಿಂಗಡವಾಗಬೇಕು. ಕೆಂಪು ಡಬ್ಬಿಯದನ್ನು ಸುಡಬೇಕು ಅಥವಾ ಹೂಳಬೇಕು.

ಈಗ ನೋಡಿ: ಬೋಂಡದ ಎಣ್ಣೆ ಒರೆಸಿದ ಟಿಶ್ಯೂ ಕಾಗದವೇ ಆದರೂ ಯಾರೂ ಕೊಳ್ಳುವುದಿಲ್ಲ, ಗೊಬ್ಬರವಾಗುತ್ತದೆ, ಹಸಿರು ಡಬ್ಬಿಗೆ ಹಾಕಿ. ಕಾಫಿ ಕುಡಿದ ಪೇಪರ್ ಕಪ್ಪಿನ ಒಳಮೈಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಗೊಬ್ಬರವಾಗದು, ತೊಳೆದು ಚೀಲಕ್ಕೆ. ಮೊಟ್ಟೆ ಚಿಪ್ಪು, ಕೋಳಿ ಮೂಳೆ ಹಸಿರಿಗೆ. ಬಾಚಣಿಗೆಯ ಕೂದಲು, ಕತ್ತರಿಸಿದ ಉಗುರು, ಮನೆ ಗುಡಿಸಿದ ಧೂಳು ಕೆಂಪಿಗೆ. ಒಂದೊಂದನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ, ದಾರಿ ತಿಳಿದಿದ್ದರೆ ಸಾಕು.

2. ಒಣ ಕಸಕ್ಕೆ ಸಾರೇ ವೈರಿ

ನಮ್ಮ ಅಡುಗೆಯೇ ನೀರಿನದು. ಸಾರು, ಹುಳಿ, ಮಜ್ಜಿಗೆ, ಅಕ್ಕಿ ತೊಳೆದ ನೀರು. ಉಳಿದ ಹುಳಿಯ ಪೊಟ್ಟಣ ಒಂದು ಒಡೆದರೆ ಇಡೀ ಚೀಲದ ರಟ್ಟು, ಕಾಗದ ನೆನೆದು ಹೋಗುತ್ತವೆ. ನೆನೆದ ರಟ್ಟಿಗೆ ಗುಜರಿಯಲ್ಲಿ ಬೆಲೆಯಿಲ್ಲ, ಎರಡು ದಿನ ಇಟ್ಟರೆ ಬೂಷ್ಟು ಬರುತ್ತದೆ. ಕಸ ಬೆರೆಸಬೇಡಿ ಎನ್ನುವುದರ ಮುಕ್ಕಾಲು ಪಾಲು ಅರ್ಥ ಒದ್ದೆಯನ್ನು ಒಣದಕ್ಕೆ ತಾಗಿಸಬೇಡಿ ಎಂದೇ.

ಹಾಲಿನ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಅದು ಒಳ್ಳೆಯ ಪ್ಲಾಸ್ಟಿಕ್, ಮರುಬಳಕೆಗೆ ಸಲ್ಲುತ್ತದೆ. ಹಾಗೇ ಎಸೆದರೆ ಮಧ್ಯಾಹ್ನದ ಹೊತ್ತಿಗೆ ಹುಳಿತು ನಾರಿ ಚೀಲವನ್ನೆಲ್ಲ ಕೆಡಿಸುತ್ತದೆ. ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಜಾಲಿಸಿ ಸಿಂಕಿನ ಪಕ್ಕದ ಗೋಡೆಗೆ ಅಂಟಿಸಿ. ಒಣಗಿ ತಾನೇ ಬೀಳುತ್ತದೆ. ಇದಕ್ಕೆಂದು ಬೇರೆ ನೀರು ಬೇಡ. ಇನ್ನೊಂದು, ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಪುಟ್ಟ ತ್ರಿಕೋನ ಸಿಂಕಿಗೋ ತರಕಾರಿ ಸಿಪ್ಪೆಗೋ ಬಿದ್ದರೆ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧ ಕತ್ತರಿಸಿ, ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ.

3. ಹಸಿರು ಡಬ್ಬಿಗೆ ಪ್ಲಾಸ್ಟಿಕ್ ಕವರ್ ಬೇಡ

ಹಸಿ ಕಸವನ್ನು ಶ್ರದ್ಧೆಯಿಂದ ಬೇರೆ ಮಾಡಿ, ಕೊನೆಗೆ ಕಪ್ಪು ಕವರಿಗೆ ತುಂಬಿ ಗಂಟು ಹಾಕಿ ಕೊಡುವ ಮನೆಗಳು ಇನ್ನೂ ಇವೆ. ಗಂಟು ಬಿಚ್ಚಲು ಗಾಡಿಯವರಿಗೆ ಹೊತ್ತಿಲ್ಲ. ಕವರ್ ಸಮೇತ ಹೋದದ್ದು ಯಂತ್ರದಲ್ಲಿ ಚೂರಾಗಿ, ಕೊನೆಗೆ ಗೊಬ್ಬರದಲ್ಲಿ ಬಣ್ಣಬಣ್ಣದ ಚೂರುಗಳಾಗಿ ಹೊಲ ಸೇರುತ್ತದೆ. ಅಂಥ ಗೊಬ್ಬರವನ್ನು ಒಮ್ಮೆ ಹಾಕಿದ ರೈತ ಎರಡನೇ ಸಲ ಕೇಳುವುದಿಲ್ಲ.

ಡಬ್ಬಿಯ ತಳಕ್ಕೆ ಹಳೆಯ ದಿನಪತ್ರಿಕೆ ಹಾಸಿದರೆ ಸಾಕು. ಅಕ್ಕಿ, ಬೇಳೆ ತೊಳೆದ ನೀರು ಬಸಿದು, ಸಿಪ್ಪೆಯನ್ನಷ್ಟೇ ಹಾಕಿದರೆ ಡಬ್ಬಿಯಿಂದ ವಾಸನೆಯೂ ಬರುವುದಿಲ್ಲ. ‘ಕೊಳೆಯುವ ಕವರ್’ ಎಂದು ಮಾರುವುದನ್ನೂ ನಾನು ಹಾಕುವುದಿಲ್ಲ. ವಿಂಗಡಿಸುವವರ ಕಣ್ಣಿಗೆ ಎರಡೂ ಒಂದೇ.

4. ಕೆಂಪು ಡಬ್ಬಿಯ ಆಚೆ ಒಂದು ಕೈ ಇದೆ

ಮೂರರಲ್ಲಿ ತುಂಬ ಚಿಕ್ಕದು ಇದೇ ಇರಬೇಕು, ತುಂಬ ಎಚ್ಚರವೂ ಇದಕ್ಕೇ ಬೇಕು. ಪ್ಯಾಡು, ಡೈಪರುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಏನಿದೆಯೆಂದು ಬಿಚ್ಚಿ ನೋಡುವ ಪಾಡು ಯಾರಿಗೂ ಬೇಡ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕುತ್ತಾ ಬಂದು, ತುಂಬಿದ ಮೇಲೆ ಮುಚ್ಚಳ ಬಿಗಿದು, ‘ಸೂಜಿ’ ಎಂದು ಬರೆದು ಕೊಡಿ. ಬ್ಲೇಡಿಗೂ ಇದೇ ಕ್ರಮ. ಒಡೆದ ಗಾಜಿನ ಲೋಟವನ್ನು ದಪ್ಪ ಕಾಗದದಲ್ಲಿ ಸುತ್ತಿ ಬಾಯಲ್ಲೂ ಹೇಳಿ: ‘ಅಣ್ಣಾ, ಗಾಜಿದೆ, ನೋಡ್ಕೊಳ್ಳಿ.’

ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿದೆ. ಇವಲ್ಲದೆ ಬ್ಯಾಟರಿ, ಹಳೆ ಚಾರ್ಜರ್, ಅವಧಿ ಮೀರಿದ ಮಾತ್ರೆಗಳೂ ಇರುತ್ತವೆ. ಇವು ದಿನದಿನದ ಕಸವಲ್ಲವಾದ್ದರಿಂದ ಬೇರೊಂದು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಡುವುದು ಸುಲಭ. ಇ-ತ್ಯಾಜ್ಯ ಸಂಗ್ರಹಿಸುವ ದಿನ ಅಥವಾ ಜಾಗ ನಿಮ್ಮ ವಾರ್ಡಿನಲ್ಲಿ ಯಾವುದು ಎಂದು ಒಮ್ಮೆ ವಿಚಾರಿಸಿಟ್ಟುಕೊಳ್ಳಿ.

5. ಒಣ ಕಸವನ್ನು ಮನೆಯಲ್ಲಿ ಹತ್ತು ಭಾಗ ಮಾಡಬೇಕಿಲ್ಲ

ಉತ್ಸಾಹಿಗಳು ಪ್ಲಾಸ್ಟಿಕ್ಕಿಗೊಂದು, ಲೋಹಕ್ಕೊಂದು, ಗಾಜಿಗೊಂದು ಎಂದು ಡಬ್ಬಿ ಸಾಲಾಗಿ ಇಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಬೇಸತ್ತು ಎಲ್ಲವನ್ನೂ ಬಿಡುತ್ತಾರೆ. ಒಂದು ಚೀಲ ಸಾಕು, ಅದು ಒಣಗಿ ಚೊಕ್ಕವಾಗಿರಲಿ. ಉಳಿದದ್ದು ಸಂಗ್ರಹ ಕೇಂದ್ರದವರ ಕಸುಬು. ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಸಂಖ್ಯೆ ಇರುತ್ತದಲ್ಲ, ನೀರಿನ ಬಾಟಲಿಗೆ 1, ಶಾಂಪೂ ಡಬ್ಬಕ್ಕೆ ಸಾಮಾನ್ಯವಾಗಿ 2; ಅವರು ಆ ಸಂಖ್ಯೆ ನೋಡದೆಯೇ ಹಿಚುಕಿ, ಸದ್ದು ಕೇಳಿ ಬಗೆ ಹೇಳುತ್ತಾರೆ.

ಈ ಕೇಂದ್ರಗಳಲ್ಲಿ ಹಲವನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. 2011ರಲ್ಲಿ ನಗರಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು. ಅದೇ ಹೊತ್ತಿಗೆ ‘ಹಸಿರು ದಳ’ ಸಂಘಟನೆ ಅವರ ಬೆನ್ನಿಗೆ ನಿಂತಿತು. ಅವರ ಲೆಕ್ಕಾಚಾರವೂ ನಮಗೆ ಗೊತ್ತಿರಬೇಕು. ರಟ್ಟು, ಪತ್ರಿಕೆ, ನೀರಿನ ಬಾಟಲಿ, ಅಲ್ಯೂಮಿನಿಯಂ ಡಬ್ಬ ಹಣ ತರುತ್ತವೆ. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ ಹಲವು ಪದರಗಳನ್ನು ಒತ್ತಿ ಮಾಡಿದವು, ಬಿಡಿಸಲು ಬಾರವು. ಬಹುಪಾಲು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತವೆ. ಬೆಲೆಯುಳ್ಳದ್ದೆಲ್ಲ ಗುಜರಿ ಅಂಗಡಿಗೆ, ಚಿಪ್ಸ್ ಪೊಟ್ಟಣ ಮಾತ್ರ ಕೇಂದ್ರಕ್ಕೆ ಎಂದಾದರೆ ಕೇಂದ್ರ ಬದುಕುವುದಿಲ್ಲ. ಪತ್ರಿಕೆ ಮಾರಿದ ದುಡ್ಡು ನಿಮ್ಮದೇ, ತಕರಾರಿಲ್ಲ. ಬಾಟಲಿ, ರಟ್ಟುಗಳನ್ನಾದರೂ ಚೀಲದಲ್ಲಿ ಬಿಡಿ.

6. ಕಲಿಸಬೇಕಾದ್ದು ಡಬ್ಬಿ ಮುಟ್ಟುವವರಿಗೆ

ಸಭೆಗೆ ಬರುವವರು ಮನೆಯ ಯಜಮಾನರು. ಸಿಪ್ಪೆ ಎಸೆಯುವವರು ಅತ್ತೆ, ಸೊಸೆ, ಅಡುಗೆಯವರು, ಮನೆಗೆಲಸದವರು. ಕರಪತ್ರ ಯಜಮಾನರ ಕೈಯಲ್ಲೇ ಉಳಿಯುತ್ತದೆ. ನಾವು ಮನೆಗೆಲಸದ ಹೆಂಗಸರನ್ನು ಅವರ ಬಿಡುವಿನ ಹೊತ್ತಿಗೆ ಸೇರಿಸಿ, ನಿಜವಾದ ಕಸವನ್ನೇ ಹಾಳೆಯ ಮೇಲೆ ಸುರಿದು ವಿಂಗಡಿಸಿ ತೋರಿಸಿದೆವು. ‘ಅಕ್ಕಾ, ಹೂವಿನ ಹಾರ ಹಸಿರಿಗೆ ಅಂತೀರಿ, ಅದರೊಳಗಿನ ದಾರ?’ ಎಂದು ಕೇಳಿದವರು ಅವರೇ. ದಾರ ಎಳೆದು ತೆಗೆದು ಹೂವನ್ನು ಮಾತ್ರ ಹಾಕಬೇಕು. ದಾರ ಗೊಬ್ಬರದ ಯಂತ್ರದ ಅಲಗಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಯಾವ ಸಭೆಯಲ್ಲೂ ಆ ಪ್ರಶ್ನೆ ಎದ್ದಿರಲಿಲ್ಲ.

ಬಾಡಿಗೆಯವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಪಿ.ಜಿ.ಗಳಲ್ಲಿ ತಿಂಗಳಿಗೊಮ್ಮೆ. ಕಲಿಸುವ ಕೆಲಸ ಮುಗಿಯುವಂಥದ್ದಲ್ಲ. ಕರಾರುಪತ್ರದ ಜೊತೆಗೇ ಡಬ್ಬಿಗಳನ್ನೂ ಕೊಡುವ ಮನೆ ಮಾಲೀಕರಿದ್ದಲ್ಲಿ ನಮ್ಮ ಕೆಲಸ ಅರ್ಧ ಹಗುರ.

7. ‘ಗಾಡೀಲಿ ಎಲ್ಲಾ ಒಟ್ಟಿಗೇ ಸುರೀತಾರಲ್ಲ’

ಪ್ರತಿ ಬೀದಿಯಲ್ಲೂ ಕೇಳುವ ಮಾತು ಇದು. ಕೆಲವೊಮ್ಮೆ ನಿಜ ಕೂಡ. ಮೊದಲು ಗಾಡಿಯ ಹತ್ತಿರ ನಿಂತು ನೋಡಿ. ಆಟೋದ ಒಡಲಲ್ಲಿ ಹಸಿ ಕಸ, ಪಕ್ಕಕ್ಕೆ ತೂಗುಹಾಕಿದ ಮೂಟೆಗಳಲ್ಲಿ ಒಣ ಕಸ ಇರುವುದುಂಟು. ದೂರದಿಂದ ನೋಡಿದರೆ ಬೆರೆಸಿದಂತೆಯೇ ಕಾಣುತ್ತದೆ. ನಿಜವಾಗಿ ಬೆರೆಸುತ್ತಿದ್ದರೆ ಹೆಚ್ಚಾಗಿ ಕಾರಣ ಇಷ್ಟೇ: ಬೀದಿಯ ಅರ್ಧ ಮನೆಗಳು ಬೆರೆಸಿ ಕೊಟ್ಟಾಗ ಉಳಿದರ್ಧದ ಶ್ರಮಕ್ಕೆ ಗಾಡಿಯಲ್ಲಿ ಜಾಗ ಇರುವುದಿಲ್ಲ.

ಕೂಗಾಡಿದರೆ ಫಲವಿಲ್ಲ. ಗಾಡಿಯ ಸಂಖ್ಯೆ, ದಿನ, ಒಂದು ಫೋಟೊ ಇಟ್ಟುಕೊಂಡು ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಬರೆದು ಕೊಟ್ಟರೆ ಕೆಲಸ ಆಗುತ್ತದೆ. ಒಬ್ಬರು ಬರೆದರೆ ದೂರು, ಬೀದಿಯವರೆಲ್ಲ ಸಹಿ ಹಾಕಿದರೆ ಒತ್ತಡ. ಅವರು ಬೆರೆಸುತ್ತಾರೆಂದು ನಾವು ಬೇರ್ಪಡಿಸುವುದನ್ನು ಬಿಟ್ಟರೆ ಕೇಳುವ ಹಕ್ಕೂ ಹೋಗುತ್ತದೆ.

8. ಬೀದಿ ಮೂಲೆಯ ಗುಡ್ಡೆಗೆ ಮದ್ದು ಗಾಡಿಯ ಹೊತ್ತು

ಬೀದಿ ಮೂಲೆಯಲ್ಲಿ ರಾಶಿ ಬೀಳುವ ಜಾಗಕ್ಕೆ ನಮ್ಮಲ್ಲಿ ‘ಬ್ಲ್ಯಾಕ್ ಸ್ಪಾಟ್’ ಎನ್ನುತ್ತಾರೆ. ತೆರವು ಮಾಡಿ, ಸುಣ್ಣ ಬಳಿದು, ರಂಗೋಲಿ ಹಾಕಿ, ದೇವರ ಪಟ ಇಟ್ಟು ನೋಡಿದ್ದೇವೆ. ಪಟದ ಕಾಲಬುಡದಲ್ಲೇ ಕವರ್ ಬಂದು ಬಿತ್ತು. ಎಸೆಯುವವರು ಯಾರೆಂದು ಹೊತ್ತಲ್ಲದ ಹೊತ್ತಿನಲ್ಲಿ ನಿಂತು ನೋಡಿದಾಗ ಗೊತ್ತಾಯಿತು: ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವವರು, ರಾತ್ರಿ ಪಾಳಿ ಮುಗಿಸಿ ಮಲಗಿರುವವರು, ಸಂಜೆ ಬಾಗಿಲು ಹಾಕುವ ತಳ್ಳುಗಾಡಿಯವರು. ಅವರಿಗೆ ದಂಡಕ್ಕಿಂತ ಬೇಕಾದದ್ದು ಕಸ ಕೊಡಲು ಒಂದು ಅನುಕೂಲದ ಹೊತ್ತು. ಪಕ್ಕದ ಮನೆಯವರು ಅವರ ಡಬ್ಬಿಯನ್ನೂ ಕೊಡುವ ಏರ್ಪಾಡು, ತಳ್ಳುಗಾಡಿಯವರಿಗೆ ಸಂಜೆಯ ಒಂದು ಸುತ್ತು, ಇಷ್ಟಾದ ಮೇಲೆ ಗುಡ್ಡೆ ಕರಗಿತು. ಅನುಕೂಲ ಮಾಡಿಕೊಟ್ಟ ಮೇಲೂ ಎಸೆದವರಿಗೆ ದಂಡ ಹಾಕಿ, ನನ್ನ ಅಡ್ಡಿಯಿಲ್ಲ.

9. ಹಬ್ಬಕ್ಕೆ ಮುಂಚೆಯೇ ಲೆಕ್ಕ ಹಾಕಿ

ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು, ಮಾರಾಟವಾಗದೆ ಉಳಿದ ಹೂವು ಸೇರಿ ದಿನದ ಗಾಡಿಗೆ ಹಿಡಿಸದಷ್ಟಾಗುತ್ತವೆ. ಇವೆಲ್ಲ ಒಳ್ಳೆಯ ಗೊಬ್ಬರದ ಸಾಮಗ್ರಿ. ಪ್ಲಾಸ್ಟಿಕ್ ತೋರಣ ಸೇರದಿದ್ದರೆ ಮಾತ್ರ. ಒಂದು ವಾರ ಮೊದಲೇ ವಾರ್ಡ್ ಕಚೇರಿಗೆ ಹೇಳಿ ಬೇರೆ ಗಾಡಿ ಗೊತ್ತು ಮಾಡಿಕೊಳ್ಳಬೇಕು. ನಾಮಕರಣ, ಗೃಹಪ್ರವೇಶಗಳ ಊಟಕ್ಕೆ ಬಾಳೆಲೆ, ಮುತ್ತುಗದೆಲೆ, ಅಡಿಕೆ ಹಾಳೆ ತಟ್ಟೆ ಇಟ್ಟರೆ ಎಲ್ಲವೂ ಒಂದೇ ದಾರಿಗೆ ಹೋಗುತ್ತದೆ. ಹೊಳಪಿನ ಪದರದ ಕಾಗದದ ತಟ್ಟೆಗೆ ಅನ್ನ ಅಂಟಿದರೆ ಅದು ಗೊಬ್ಬರಕ್ಕೂ ಇಲ್ಲ, ಗುಜರಿಗೂ ಇಲ್ಲ.

10. ಜಾಗವಿದ್ದರೆ ಗೊಬ್ಬರ ಮನೆಯಲ್ಲೇ

ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯೇ. ಅದು ಹೊಸ್ತಿಲು ದಾಟದಿದ್ದರೆ ಉಳಿದದ್ದಕ್ಕೆ ನಾತವೇ ಇಲ್ಲ. ತೂತುಗಳಿರುವ ಮಣ್ಣಿನ ಮಡಕೆ, ಒಂದು ಪಾಲು ಸಿಪ್ಪೆಗೆ ಒಂದೆರಡು ಪಾಲು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಹುಳಿ ಮಜ್ಜಿಗೆ ಒಂದು ಚಿಮುಕು, ವಾರಕ್ಕೆರಡು ಬಾರಿ ಕೆದಕುವುದು. ನಾತ ಬಂದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದು. ಒಣ ಎಲೆ ಸೇರಿಸಿ. ಎಷ್ಟು ದಿನವಾದರೂ ಕರಗದಿದ್ದರೆ ಒಣಗಿದೆ, ನೀರು ಚಿಮುಕಿಸಿ. ಬಿಳಿ ಹುಳು ಕಂಡು ಹೆದರಿ ಮಡಕೆ ಎಸೆದವರಿದ್ದಾರೆ. ಅವು ಕಸ ತಿಂದು ಕರಗಿಸುವ ಹುಳುಗಳು, ಇರಲಿ ಬಿಡಿ. ಎರಡು ಮೂರು ತಿಂಗಳಲ್ಲಿ ಮಳೆಗೆ ನೆನೆದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ.

ಇಷ್ಟೆಲ್ಲ ಕಲಿತ ಮೇಲೆ ನನ್ನ ತೀರ್ಮಾನ ಸರಳ. ನಿಯಮ ಗೊತ್ತಿಲ್ಲದ್ದಕ್ಕೆ ಕಸ ಬೆರೆಯುವುದು ಕಡಿಮೆ. ಡಬ್ಬಿಯ ಆಚೆ ಏನಾಗುತ್ತದೆ ಎಂಬುದನ್ನು ನಾವು ನೋಡದೆ ಇರುವುದಕ್ಕೇ ಬೆರೆಯುವುದು ಹೆಚ್ಚು. ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ವಾರ್ಡಿನ ಒಣ ತ್ಯಾಜ್ಯ ಕೇಂದ್ರಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಬನ್ನಿ. ಅಷ್ಟೂ ಆಗದಿದ್ದರೆ ನಾಳೆ ಬೆಳಗ್ಗೆ ಗಾಡಿಯವರನ್ನೇ ಕೇಳಿ: ‘ನಮ್ಮನೆ ಕಸದಲ್ಲಿ ನಿಮಗೆ ಏನು ತೊಂದರೆ ಆಗ್ತಿದೆ?’ ಅವರು ಹೇಳುವುದನ್ನು ಮೊದಲು ಸರಿಪಡಿಸಿ.