ಜಾಣ ಡಬ್ಬಿ ಕೊಳ್ಳುವ ಮುನ್ನ: ಹವ್ಯಾಸಿ ಫೋಟೋಗ್ರಾಫರ್‌ಗೆ ಹತ್ತು ಸೂತ್ರಗಳು

ಕ್ಯಾಮೆರಾದ ತಲೆಯ ಮೇಲೆ ಕೂರುವ ಪುಟ್ಟ ಡಬ್ಬಿ. ಅಲ್ಲಿಂದ ಕ್ಯಾಮೆರಾಗೆ ಒಂದು ವೈರು, ನಿಮ್ಮ ಫೋನಿಗೆ ವೈ-ಫೈ. ಶಟರ್, ಅಪರ್ಚರ್, ಐಎಸ್‌ಒ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ, ನೀವು ಫೋನಿನ ಪರದೆ ಮುಟ್ಟಿದರಾಯಿತು ಎಂಬ ಭರವಸೆ. 2017ರಲ್ಲಿ ‘ಆರ್ಸೆನಲ್’ ಎಂಬ ಇಂಥ ಸಾಧನಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಜನ 26 ಲಕ್ಷ ಡಾಲರ್‌ಗೂ ಹೆಚ್ಚು ಹಣ ಸುರಿದರು. ಮಿಂಚಿಗೆ, ಸದ್ದಿಗೆ, ಲೇಸರ್ ಕಿರಣ ತುಂಡಾದದ್ದಕ್ಕೆ ತಾನಾಗಿ ಕ್ಲಿಕ್ಕಿಸುವ ಮಯೋಪ್ಸ್, ಪ್ಲೂಟೊ ಮುಂತಾದ ಟ್ರಿಗರ್‌ಗಳು ಬೇರೆ.

ಇವು ಹವ್ಯಾಸಿಗೆ ನೆರವೋ, ಕಲಿಕೆಗೆ ಅಡ್ಡಗಾಲೋ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಣಿಸುವುದು, ಕಾಯುವುದು, ಬೆರಳಿಗಿಂತ ಬೇಗ ಗುಂಡಿ ಒತ್ತುವುದು, ಈ ಮೂರು ಕೆಲಸಕ್ಕೆ ಯಂತ್ರ ಇರಲಿ. ಚಿತ್ರ ಹೇಗೆ ಕಾಣಬೇಕು ಎಂಬುದನ್ನು ಮಾತ್ರ ಅದಕ್ಕೆ ಬಿಟ್ಟುಕೊಡಬೇಡಿ.

1. ಅಂಗಡಿಗೆ ಹೋಗುವ ಮುಂಚೆ ಮೆನುಗೆ ಹೋಗಿ

ಜಾಹೀರಾತಿನಲ್ಲಿ ಪಟ್ಟಿ ಮಾಡಿದ ಅರ್ಧದಷ್ಟು ಕೆಲಸಗಳು ನಿಮ್ಮ ಕ್ಯಾಮೆರಾದಲ್ಲೇ ಇರುವ ಸಾಧ್ಯತೆ ಹೆಚ್ಚು. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಇಂಟರ್ವಲ್ ಟೈಮರ್ ಮಾಮೂಲು. ನಿಕಾನ್ ಡಿ850, ಕ್ಯಾನನ್ ಆರ್‌ಪಿಯಂಥವು ಫೋಕಸ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತ ಸಾಲು ಚಿತ್ರಗಳನ್ನೂ ತೆಗೆದುಕೊಡುತ್ತವೆ. ಗುಂಡಿ ಒತ್ತುವಾಗಿನ ಅಲುಗಾಟ ತಪ್ಪಿಸಲು ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಸಾಕು. ಫೋನಿನಿಂದ ಕ್ಲಿಕ್ಕಿಸಬೇಕೆ? ನಿಕಾನ್‌ಗೆ ಸ್ನ್ಯಾಪ್‌ಬ್ರಿಡ್ಜ್, ಕ್ಯಾನನ್‌ಗೆ ಕ್ಯಾಮೆರಾ ಕನೆಕ್ಟ್ ಇದೆ, ಎರಡೂ ಪುಕ್ಕಟೆ.

ಆರಂಭಿಕ ಮಟ್ಟದ ಕ್ಯಾಮೆರಾ ಇರುವವರ ಕತೆ ಬೇರೆ. ನಿಕಾನ್ ಡಿ3500ರಲ್ಲಿ ಇಂಟರ್ವಲ್ ಟೈಮರೂ ಇಲ್ಲ, ಎಕ್ಸ್‌ಪೋಷರ್ ಬ್ರ್ಯಾಕೆಟಿಂಗೂ ಇಲ್ಲ. ಅಂಥವರಿಗೆ ಹೊರಗಿನ ಉಪಕರಣ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ತಮಾಷೆಯೆಂದರೆ ದುಬಾರಿ ಡಬ್ಬಿ ಕೊಳ್ಳುವವರು ಸಾಮಾನ್ಯವಾಗಿ ಅವರಲ್ಲ, ಎಲ್ಲ ಸೌಲಭ್ಯವಿರುವ ಕ್ಯಾಮೆರಾದ ಮೆನು ತೆರೆದು ನೋಡದವರು.

2. ಟ್ರಿಗರ್ ಬಳಸುವುದು ಮೋಸವಲ್ಲ

‘ಯಂತ್ರ ತೆಗೆದ ಫೋಟೋ ನಿಮ್ಮದು ಹೇಗಾಗುತ್ತದೆ?’ ಎಂದು ಕೇಳುವ ಹಿರಿಯರು ಎಲ್ಲ ಕಡೆ ಇದ್ದಾರೆ. ಅವರಿಗೆ 1878ರ ಜೂನ್ ತಿಂಗಳನ್ನು ನೆನಪಿಸಿ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಕುದುರೆ ಓಡುವ ದಾರಿಯ ಪಕ್ಕ 12 ಕ್ಯಾಮೆರಾ ಸಾಲಾಗಿಟ್ಟು, ದಾರಿಗೆ ಅಡ್ಡಲಾಗಿ ತಂತಿ ಬಿಗಿದ. ಕುದುರೆ ಓಡಿದಂತೆ ತಂತಿಗಳು ಒಂದೊಂದಾಗಿ ಶಟರ್ ಬಿಡುಗಡೆ ಮಾಡಿದವು. ಓಟದಲ್ಲಿ ಕುದುರೆಯ ನಾಲ್ಕು ಕಾಲೂ ಒಮ್ಮೆ ನೆಲ ಬಿಡುತ್ತವೆ ಎಂಬುದು ಚಿತ್ರದಲ್ಲಿ ಸಾಬೀತಾಯಿತು. ಯಾವ ಬೆರಳಿಗೂ ಆಗದ ಕೆಲಸವದು. ಆದರೆ ಹಿಂದಿನ ಬಿಳಿ ಗೋಡೆ, ಅದರ ಮೇಲಿನ ಅಳತೆಯ ಗೆರೆಗಳು, ಚಿತ್ರ ಚಿತ್ರಕ್ಕೂ 27 ಅಂಗುಲದ ಅಂತರ, ಇದೆಲ್ಲ ಮೈಬ್ರಿಡ್ಜನ ಲೆಕ್ಕಾಚಾರ. ತಂತಿಗೆ ಗೊತ್ತಿದ್ದದ್ದು ಸಮಯವೊಂದೇ.

ನಮ್ಮಲ್ಲೂ ಈ ಪರಂಪರೆ ಹಳೆಯದು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡಿನಲ್ಲಿ ಹುಲಿ ತಾನೇ ತಂತಿ ತುಳಿದು ತನ್ನ ಫೋಟೋ ತೆಗೆದುಕೊಳ್ಳುವಂತೆ ಮಾಡಿದ್ದ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇದೇ ತತ್ವದ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ಗುರುತಿಸಿ ಹುಲಿ ಲೆಕ್ಕ ಹಾಕುವ ವಿಧಾನ ರೂಪಿಸಿದರು.

3. ನಕ್ಷತ್ರಕ್ಕೆ ಕೇಬಲ್ ಸಾಕು, ಬುದ್ಧಿ ನಿಮ್ಮದಿರಲಿ

ನಕ್ಷತ್ರಗಳ ಜಾಡು ಹಿಡಿಯಲು ‘ಸ್ಮಾರ್ಟ್’ ಸಾಧನ ಬೇಡವೇ ಬೇಡ. ಗುಂಡಿಗೆ ಬೀಗ ಹಾಕಲು ಬರುವ ಸಾದಾ ಕೇಬಲ್ ರಿಲೀಸ್ ತನ್ನಿ. ಕ್ಯಾಮೆರಾವನ್ನು ಕಂಟಿನ್ಯುಯಸ್ ಮೋಡ್‌ಗೆ, ಶಟರನ್ನು 30 ಸೆಕೆಂಡಿಗೆ ಇಡಿ. ಗುಂಡಿ ಒತ್ತಿ ಬೀಗ ಹಾಕಿ. ಒಂದರ ಹಿಂದೆ ಒಂದು ಫ್ರೇಮ್ ತಾನಾಗಿ ಬೀಳುತ್ತದೆ, ಗಂಟೆಗೆ ಸುಮಾರು 120. ಆಮೇಲೆ ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಪೇರಿಸಿ.

ಇಲ್ಲಿ ಕೈಕೊಡುವುದು ಬೇರೆಯೇ ಸಂಗತಿ. ಮೆನುವಿನಲ್ಲಿ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆನ್ ಆಗಿದ್ದರೆ, ಪ್ರತಿ 30 ಸೆಕೆಂಡಿನ ಚಿತ್ರದ ನಂತರ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೊಂದು 30 ಸೆಕೆಂಡು ಕಪ್ಪು ಚಿತ್ರ ತೆಗೆಯುತ್ತ ಕೂರುತ್ತದೆ. ಅಷ್ಟರಲ್ಲಿ ನಕ್ಷತ್ರ ಮುಂದೆ ಸರಿದಿರುತ್ತದೆ. ಗೆರೆ ಬರಬೇಕಾದಲ್ಲಿ ಚುಕ್ಕಿ ಚುಕ್ಕಿ ಬರುತ್ತದೆ. ಅದನ್ನು ಆಫ್ ಮಾಡಿ, ಫೋಕಸ್ಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ.

ಇನ್ನೊಂದು ವಿಷಯ. ಧ್ರುವ ನಕ್ಷತ್ರದ ಸುತ್ತ ಬಳೆ ಬಳೆಯಾಗಿ ತಿರುಗುವ ಆ ಪ್ರಸಿದ್ಧ ಚಿತ್ರಗಳನ್ನು ನೋಡಿ ಹೊರಡುವವರು ಒಂದು ಲೆಕ್ಕ ತಿಳಿದಿರಬೇಕು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರ ಕಾಣುತ್ತದೆ ಎಂಬುದು ನೀವಿರುವ ಅಕ್ಷಾಂಶಕ್ಕೆ ಸಮ. ಬೆಂಗಳೂರಿನಲ್ಲಿ 13 ಡಿಗ್ರಿ, ಹಂಪಿಯಲ್ಲಿ 15, ಲಡಾಖಿನ ಹಾನ್ಲೆಯಲ್ಲಿ 32ಕ್ಕೂ ಮೇಲೆ. ಹಾಗಾಗಿ ನಮ್ಮಲ್ಲಿ ಬಳೆಯ ಕೆಳಭಾಗ ಬಹುಪಾಲು ಗುಡ್ಡದ ಹಿಂದೆ ಹೋಗುತ್ತದೆ. ಉತ್ತರ ದಿಕ್ಕು ಬಟಾಬಯಲಾಗಿರುವ ಜಾಗ ಹುಡುಕಿ, ಇಲ್ಲವೇ ಅರ್ಧ ಬಳೆಗೇ ಹೊಂದುವಂತೆ ಒಂದು ಮಂಟಪವನ್ನೋ ಬಂಡೆಯನ್ನೋ ಮುಂದೆ ಇಟ್ಟುಕೊಳ್ಳಿ. ಆ ಜಾಗ ಹಗಲಲ್ಲೇ ನೋಡಿ ಬರಬೇಕು. ಈ ಕೆಲಸಕ್ಕೆ ಆ್ಯಪ್ ದಿಕ್ಕು ತೋರಿಸೀತು, ಬಂಡೆ ಆರಿಸಿಕೊಡದು.

4. ಮಿಂಚಿನ ಟ್ರಿಗರ್ ಹಗಲಿಗೆ ಮಾತ್ರ

ರಾತ್ರಿಯ ಮಿಂಚಿಗೆ ಟ್ರಿಗರ್ ಕೊಳ್ಳುವುದು ದುಡ್ಡು ದಂಡ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎಫ್8, ಕಡಿಮೆ ಐಎಸ್‌ಒ, 20 ಸೆಕೆಂಡ್ ಶಟರ್ ತೆರೆದಿಟ್ಟರೆ ಆ ಅವಧಿಯಲ್ಲಿ ಬಿದ್ದ ಮಿಂಚೆಲ್ಲ ತಾನೇ ಬಂದು ದಾಖಲಾಗುತ್ತದೆ.

ಏಪ್ರಿಲ್-ಮೇ ತಿಂಗಳ ಸಂಜೆ ನಾಲ್ಕು ಗಂಟೆಯ ಗುಡುಗು ಮಳೆ ಬೇರೆ ಮಾತು. ಬೆಳಕಿರುವಾಗ ಶಟರ್ ಅಷ್ಟು ಹೊತ್ತು ತೆರೆದಿಡಲಾಗದು. ಮಿಂಚು ಕಂಡ ಮೇಲೆ ಬೆರಳು ಒತ್ತುವಷ್ಟರಲ್ಲಿ ಅದು ಹೋಗಿರುತ್ತದೆ. ಟ್ರಿಗರ್ ಹೇಗೆ ಹಿಡಿಯುತ್ತದೆ? ನಮ್ಮ ಕಣ್ಣಿಗೆ ಒಂದೇ ಎನಿಸುವ ಮಿಂಚಿನಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ಹೊಡೆತಗಳಿರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸುಮಾರು 50 ಮಿಲಿಸೆಕೆಂಡ್ ಅಂತರ. ಮೊದಲ ಹೊಡೆತ ಸೆನ್ಸರನ್ನು ಎಚ್ಚರಿಸುತ್ತದೆ, ಕ್ಯಾಮೆರಾ ಎರಡನೆಯದನ್ನೋ ಮೂರನೆಯದನ್ನೋ ಹಿಡಿಯುತ್ತದೆ. ಆದ್ದರಿಂದ ಶಟರ್ ತೀರಾ ವೇಗವಾಗಿರಬಾರದು. ಅಪರ್ಚರ್ ಕಿರಿದು ಮಾಡಿ ಸೆಕೆಂಡಿನ ಕಾಲು ಭಾಗದ ಆಸುಪಾಸು ಇಡಿ. ಫೋಕಸ್, ಎಕ್ಸ್‌ಪೋಷರ್ ಎರಡೂ ಮ್ಯಾನ್ಯುಯಲ್ ಇರಲಿ, ಕ್ಯಾಮೆರಾ ಫೋಕಸ್ ಹುಡುಕುತ್ತ ಕೂತರೆ ಮಿಂಚು ಕಾಯುವುದಿಲ್ಲ. ಒಂದೇ ಹೊಡೆತದ ಮಿಂಚು ಹೇಗೂ ತಪ್ಪಿಹೋಗುತ್ತದೆ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಅದು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಆಗ ಬಯಲಲ್ಲಿ, ತಾರಸಿಯಲ್ಲಿ ಲೋಹದ ಟ್ರೈಪಾಡ್ ಪಕ್ಕ ನಿಲ್ಲಬೇಡಿ. ಟ್ರಿಗರ್‌ನ ದೊಡ್ಡ ಉಪಕಾರವೇ ಇದು: ಕ್ಯಾಮೆರಾ ಕಿಟಕಿಯ ಬಳಿ ಕೆಲಸ ಮಾಡುತ್ತಿರಲಿ, ನೀವು ಮನೆಯೊಳಗೆ ದೂರ ಕೂತು ಕಾಫಿ ಕುಡಿಯಿರಿ.

5. ಹನಿ, ಬಲೂನು ಹಿಡಿಯಲು ಟ್ರಿಗರನ್ನು ಫ್ಲ್ಯಾಶ್‌ಗೆ ಜೋಡಿಸಿ

ಒಡೆಯುವ ಬಲೂನನ್ನು ಸ್ತಬ್ಧಗೊಳಿಸುವುದು ಶಟರ್ ವೇಗವಲ್ಲ, ಫ್ಲ್ಯಾಶ್ ಬೆಳಕಿನ ಅಲ್ಪಾಯುಸ್ಸು. ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ 1957ರಲ್ಲಿ ತೆಗೆದ, ಕಿರೀಟದಂತೆ ಚಿಮ್ಮಿದ ಹಾಲಿನ ಹನಿಯ ಚಿತ್ರದ ಗುಟ್ಟು ಇದೇ. ಕೋಣೆ ಕತ್ತಲು ಮಾಡಿ, ಶಟರ್ ತೆರೆದಿಟ್ಟು, ಸದ್ದಿನ ಟ್ರಿಗರ್ ಫ್ಲ್ಯಾಶ್ ಹೊಡೆಯುವಂತೆ ಮಾಡಿ. ಫ್ಲ್ಯಾಶ್ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿ. ಶಕ್ತಿ ಇಳಿದಷ್ಟೂ ಬೆಳಕಿನ ಅವಧಿ ಚಿಕ್ಕದಾಗುತ್ತದೆ. ಮಳೆಗಾಲದ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮಾಡಲು ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ.

6. ಬೆಳಕಿನ ತೀರ್ಮಾನ ಒತ್ತೆ ಇಡಬೇಡಿ

ಡಬ್ಬಿಗಳು ನಿಜಕ್ಕೂ ಅಡ್ಡಿಯಾಗುವುದು ಇಲ್ಲಿ. ದೃಶ್ಯ ಗುರುತಿಸಿ ಸೆಟಿಂಗ್ ಹೇಳುವ ಸಾಧನ ಕಲಿತಿರುವುದು ಸಾವಿರಾರು ಬೇರೆಯವರ ಚಿತ್ರಗಳಿಂದ. ಅದು ಕೊಡುವುದು ಎಲ್ಲರೂ ನಿರೀಕ್ಷಿಸುವ ಚಿತ್ರ. ಅದು ಕೆಟ್ಟದ್ದೇನಲ್ಲ, ಆದರೆ ನೀವು ಅಲ್ಲಿ ಯಾಕೆ ನಿಂತಿರಿ ಎಂಬುದು ಅದಕ್ಕೆ ತಿಳಿಯದು.

ಮೈಸೂರು ಅರಮನೆಯನ್ನೇ ತೆಗೆದುಕೊಳ್ಳಿ. ಭಾನುವಾರ ಸಂಜೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಆಕಾಶದಲ್ಲಿ ಇನ್ನೂ ಸ್ವಲ್ಪ ನೀಲಿ ಉಳಿದಿರುವಾಗ ದೀಪ ಬಂದರೆ ಆ ಕೆಲವೇ ನಿಮಿಷಗಳು ಬಂಗಾರ. ಈಗ ಕ್ಯಾಮೆರಾವನ್ನು ಡಬ್ಬಿಗೆ ಒಪ್ಪಿಸಿದರೆ ಏನಾದೀತು? ಅದು ಕಪ್ಪು, ಬಿಳುಪು ಎರಡನ್ನೂ ಉಳಿಸಲು ಮೂರೋ ಐದೋ ಎಕ್ಸ್‌ಪೋಷರ್ ತೆಗೆದು ಬೆರೆಸುತ್ತದೆ. ಬಲ್ಬುಗಳ ಹೊಳಪು ತಗ್ಗಿ, ಗೋಡೆಯ ನೆರಳೆಲ್ಲ ಬೆಳಗಿ, ಅರಮನೆ ಕ್ಯಾಲೆಂಡರ್ ಚಿತ್ರದಂತೆ ಚಪ್ಪಟೆಯಾಗುತ್ತದೆ. ಜೊತೆಗೆ ಮುಂದೆ ಓಡಾಡುವ ಜನ ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಇರುವುದರಿಂದ ಅರ್ಧಂಬರ್ಧ ದೆವ್ವಗಳಾಗುತ್ತಾರೆ. ಬಲ್ಬಿನ ಸಾಲಿಗೆ ಅಳೆದು, ಕಮಾನಿನೊಳಗಿನ ಕತ್ತಲನ್ನು ಕತ್ತಲಾಗಿಯೇ ಬಿಟ್ಟ ಒಂದೇ ಒಂದು ಎಕ್ಸ್‌ಪೋಷರ್ ನನ್ನ ಕಣ್ಣಿಗೆ ಹೆಚ್ಚು ಅರಮನೆಯಂತೆ ಕಾಣುತ್ತದೆ.

ಇದೇ ಡಬ್ಬಿಯನ್ನು ಮೇಷ್ಟ್ರನ್ನಾಗಿ ಮಾಡಿಕೊಳ್ಳುವ ದಾರಿಯೂ ಇದೆ. ಮೊದಲು ನೀವೇ ಸೆಟಿಂಗ್ ಇಟ್ಟು ಕ್ಲಿಕ್ಕಿಸಿ. ನಂತರ ಅದು ಏನು ಹೇಳುತ್ತದೆ ನೋಡಿ. ಎರಡರ ನಡುವೆ ಒಂದು ಸ್ಟಾಪ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಿ. ಒಮ್ಮೊಮ್ಮೆ ಅದೇ ಸರಿ ಇರುತ್ತದೆ, ಒಪ್ಪಿಕೊಳ್ಳಿ.

7. ಮ್ಯಾಕ್ರೋ ಮಾಡುವವರು ಧಾರಾಳವಾಗಿ ಖರ್ಚು ಮಾಡಬಹುದು

ಕೀಟವನ್ನು ಅದರ ನಿಜ ಗಾತ್ರದಲ್ಲಿ ಸೆನ್ಸರ್ ಮೇಲೆ ಮೂಡಿಸುವಾಗ ಫೋಕಸ್ ನಿಲ್ಲುವ ಆಳ ಮಿಲಿಮೀಟರಿನ ಲೆಕ್ಕದ್ದು. ಕಣ್ಣು ಸ್ಪಷ್ಟವಾದರೆ ಮೀಸೆ ಮಂಜು. ಎಫ್22ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್8ರಲ್ಲಿ ಹತ್ತಾರು ಹೆಜ್ಜೆ ಫೋಕಸ್ ಸರಿಸಿ ಬೆರೆಸುವುದೇ ಉಪಾಯ, ಅಷ್ಟು ಸಮವಾಗಿ ರಿಂಗ್ ತಿರುಗಿಸಲು ಕೈಗೆ ಆಗದು. ಆದರೆ ಗಾಳಿ ಬೀಸಿದರೆ ಯಂತ್ರವೂ ಸೋಲುತ್ತದೆ. ಕೊಡತಿ ಕೀಟ ರೆಕ್ಕೆಯ ಮೇಲೆ ಇಬ್ಬನಿ ಹೊತ್ತು ಮರಗಟ್ಟಿ ಕೂತಿರುವ ಮುಂಜಾವೇ ಇದಕ್ಕೆ ಸಮಯ.

8. ಆ್ಯಪ್ ಸತ್ತರೆ ಡಬ್ಬಿಯೂ ಸತ್ತಂತೆ

ಫೋನನ್ನೇ ಟ್ರಿಗರ್ ಆಗಿಸಿ ಹೆಸರು ಮಾಡಿದ್ದ ಬ್ರಿಟನ್ನಿನ ‘ಟ್ರಿಗರ್‌ಟ್ರ್ಯಾಪ್’ ಕಂಪನಿ 2017ರ ಆರಂಭದಲ್ಲಿ ಬಾಗಿಲು ಹಾಕಿತು. ಇಂಥ ಕಂಪನಿ ಮುಚ್ಚಿದ ಮೇಲೆ ಫೋನಿನ ಸಾಫ್ಟ್‌ವೇರ್ ಬದಲಾಗುತ್ತ ಹೋಗುತ್ತದೆ, ಆ್ಯಪ್ ತಿದ್ದುವವರು ಇರುವುದಿಲ್ಲ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ಫೋನ್ ಇಲ್ಲದೆ ಇದು ಕೆಲಸ ಮಾಡುತ್ತದೆಯೇ? ಮೈಮೇಲೆ ಗುಂಡಿ, ಪರದೆ ಇರುವ ಉಪಕರಣಕ್ಕೆ ಮೊದಲ ಆದ್ಯತೆ. ನಿಮ್ಮ ಕ್ಯಾಮೆರಾ ಮಾಡೆಲ್‌ಗೆ ಸರಿಯಾದ ಕೇಬಲ್ ಸಿಗುತ್ತದೆಯೇ ಎಂಬುದು ಎರಡನೇ ಪ್ರಶ್ನೆ.

9. ಹಕ್ಕಿ, ಬೀದಿ, ಜಾತ್ರೆಗೆ ಡಬ್ಬಿ ಚೀಲದಲ್ಲೇ ಇರಲಿ

ರಂಗನತಿಟ್ಟಿನ ದೋಣಿಯಲ್ಲಿ ಕೂತು ವೈ-ಫೈ ಜೋಡಿಸುವಷ್ಟರಲ್ಲಿ ಕೊಕ್ಕರೆ ಮೀನು ನುಂಗಿ ಆಗಿರುತ್ತದೆ. ಮೂಡಿಗೆರೆಯ ಸುತ್ತ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದದ್ದು ಹಕ್ಕಿಯ ದಿನಚರಿ ಬಲ್ಲವರಾಗಿದ್ದರಿಂದ. ಆ ತಿಳಿವಳಿಕೆಗೆ ಪರ್ಯಾಯ ಉಪಕರಣ ಬಂದಿಲ್ಲ.

ಹಾಗೆಂದು ಗೂಡಿನ ಬಳಿ ರಿಮೋಟ್ ಕ್ಯಾಮೆರಾ ನೆಡಲು ಹೋಗಬೇಡಿ. ತಾಯಿ ಹಕ್ಕಿ ಗೂಡು ಬಿಟ್ಟರೆ ಮರಿ ಉಳಿಯದು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕ್ಯಾಮೆರಾ ಟ್ರ್ಯಾಪ್ ಇಡುವಂತಿಲ್ಲ, ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

10. ಖರ್ಚಿನ ಸರದಿ ತಪ್ಪಿಸಬೇಡಿ

ಅಲ್ಲಾಡುವ ಟ್ರೈಪಾಡ್ ಮೇಲೆ ದುಬಾರಿ ಡಬ್ಬಿ ಕೂರಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂಥ ವ್ಯವಹಾರ. ಮೊದಲು ಗಟ್ಟಿ ಟ್ರೈಪಾಡ್, ಆಮೇಲೆ ಇನ್ನೊಂದು ಬ್ಯಾಟರಿ, ಅದಾದ ಮೇಲೆ ಸಾವಿರ-ಎರಡು ಸಾವಿರ ರೂಪಾಯಿಯ ವೈರ್ ಇಂಟರ್ವಲೋಮೀಟರ್. ಬಹುಪಾಲು ಹವ್ಯಾಸಿಗಳ ಅಗತ್ಯ ಇಲ್ಲಿಗೆ ಮುಗಿಯುತ್ತದೆ. ಹಗಲು ಮಿಂಚು, ಹನಿ, ಮ್ಯಾಕ್ರೋ ಈ ಮೂರರಲ್ಲಿ ಒಂದರ ಹುಚ್ಚು ನಿಜವಾಗಿ ಹತ್ತಿದ್ದರೆ ಆ ಕೆಲಸದ ಟ್ರಿಗರ್ ಕೊಳ್ಳಿ. ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವ ಡಬ್ಬಿಯನ್ನು ಕೊಳ್ಳುವ ಮುಂಚೆ ಗೆಳೆಯರಿಂದ ಎರವಲೋ ಅಂಗಡಿಯಿಂದ ಬಾಡಿಗೆಗೋ ಪಡೆದು ಒಂದು ವಾರಾಂತ್ಯ ಬಳಸಿ ನೋಡಿ. ಸೋಮವಾರ ಹಿಂದಿರುಗಿಸುವಾಗ ಮನಸ್ಸು ಒಪ್ಪದಿದ್ದರೆ ಮಾತ್ರ ದುಡ್ಡು ಬಿಚ್ಚಿ.